ಮಾವೋರ ಪುದೀನ ಶರಬತ್ತು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಗಂಗಕ್ಕನ ಕಿವಿಗೆ ಮುಂದಿನ ಸೀಟಿನ ಗಂಡ ಹೆಂಡಿರ ಪಿಸುಮಾತು ಬಿತ್ತು. ಇಬ್ಬರ ಹಣೆಯಲ್ಲೂ ವಿಭೂತಿಯಿತ್ತು.

“ಅದೇನೋ ಮೊಹಿಟೊ ಅಂತ ಟೀವೀಲಿ ನೋಡಿ, ರಮ್ಮಿಗೆ ಪುದೀನ, ನಿಂಬೆಹಣ್ಣು ಹಾಕಿ ಮನೇಲಿ ಮಾಡ್ಕೊಂಡೋರು ನೀವು. ಮಾವೋರು ಕೇಳ್ದಾಗ ಶರಬತ್ತು ಅಂದೋರೂ ನೀವೇ.”

“ಅಪ್ಪ ಲೋಟ ಇಸ್ಕೊಂಡು ಕುಡ್ದೇ ಬುಡ್ತಾರೆ ಅಂತ ನಂಗೇನ್ ಗೊತ್ತು?”

“ಈಗ ದಿನಾ ಬೇಕಂತಾರೆ. ಸೋಮವಾರ ಪಾದಪೂಜೆಗೆ ಬರೋ ಸ್ವಾಮಿಗಳಿಗೂ ಅದನ್ನೇ ಕೊಡ್ಬೇಕಂತೆ.”

“ಅವತ್ತು ರಮ್ಮು ಹಾಕ್ದೆ ಮಾಡು.”

“ಮೊನ್ನೆ ಹಂಗೇ ಮಾಡ್ಕೊಟ್ಟೆ. ಒಂದೇ ಗುಟುಕಿಗೆ, ನಿನ್ ಕೈಗುಣ ಸರಿಯಿಲ್ಲ ಕಣಮ್ಮ, ನನ್ ಮಗನೇ ಮಾಡ್ಲಿ ಅಂದ್ರು.”

“ನಿಜ ಹೇಳ್ಬುಡ್ಲಾ?”

“ಕೊರಳಾಗೆ ಲಿಂಗ ಕಟ್ಕೊಂಡೋರಿಗೆ ತಿಂಗಳಿಂದ ರಮ್ಮು ಕುಡಿಸ್ದೆ ಅಂತೀರಾ? ಹೇಳಿ, ನೋಡಾಣ.”

ಬಸ್ಸು ಗುಂಡಿಗಿಳಿದಾಗ ಗಂಡನ ತೊಡೆಯ ಮೇಲಿನ ಚೀಲದಲ್ಲಿ ಬಾಟಲಿಗಳು ಕಿಣಿಗುಟ್ಟಿದವು. ಗಂಗಕ್ಕನ ನಿದ್ದೆ ಪೂರಾ ಹಾರಿಹೋಯಿತು.

ಕಲ್ಯಾಣದುರ್ಗದಲ್ಲಿ ಅವರಿಬ್ಬರೂ ಇಳಿದರು. ಬಿಳಿ ಪಂಚೆಯ ಮುದುಕರೊಬ್ಬರು ತೋಳು ತುಂಬ ಪುದೀನ ಕಟ್ಟು ಅಪ್ಪಿಕೊಂಡು ಕಾಯುತ್ತಿದ್ದರು.

“ರುದ್ರಮುನಿ, ಸ್ವಾಮಿಗಳ ಜೊತೆ ಇಪ್ಪತ್ತು ಜನ ಬತ್ತಾರಂತೆ ಕಣಪ್ಪ. ಇಷ್ಟು ಸಾಲ್ತದಾ?”