ಎರಡು ಸಲ ಎಳೆದ ಹಗ್ಗ

ನನ್ನ ಹೆಸರನ್ನು ಠಾಣೆಯ ಪುಸ್ತಕದಲ್ಲಿ ಆಗಲೇ ಬರೆಸಿದ್ದೇನೆ. ವಯಸ್ಸು ಮೂವತ್ತೊಂಬತ್ತು. ಎತ್ತರದ ಕಟ್ಟಡಗಳ ಗಾಜು ಒರೆಸುವ ಕಂಪನಿಯಲ್ಲಿ ಹಗ್ಗ ಕಾಯುವ ಕೆಲಸ. ವಾಸ ಬಸ್ ಡಿಪೋ ಹಿಂಬದಿಯ ಬೀದಿ, ಇಸ್ತ್ರಿ ಅಂಗಡಿಯ ಮೇಲಿನ ಮನೆ. ಶನಿವಾರವಾದ ಈ ದಿನ ಬೆಳಿಗ್ಗೆ ಹತ್ತೂವರೆಗೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಯಜಮಾನರು ಅದೇ ಕಂಪನಿಯಲ್ಲಿ ಗಾಜು ಒರೆಸುತ್ತಾರೆ. ಸದಾ ಗೋಡೆಗೆ ಅಂಟಿಕೊಂಡಿರುವುದರಿಂದ ಜೊತೆಯವರು ಅವರನ್ನು ಹಲ್ಲಿ ಎಂದು ಕರೆಯುತ್ತಾರೆ. ಅವರು ತಾರಸಿಯಿಂದ ತೂಗುಬಿಟ್ಟ ಕಬ್ಬಿಣದ ತೊಟ್ಟಿಲಿನಲ್ಲಿ ನಿಂತು ಇಳಿಯುತ್ತಾರೆ, ನಾನು ತಾರಸಿಯ ಮೇಲಿರುತ್ತೇನೆ. ತೊಟ್ಟಿಲನ್ನು ಏರಿಸುವ, ಇಳಿಸುವ ಗುಂಡಿ ಇರುವುದು ಅವರ ಕೈಯಲ್ಲಿ. ತಾರಸಿಯ ಯಂತ್ರಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದ ಕಾರಣ ಅವರ ಸೊಂಟದಿಂದ ನನ್ನ ಕೈಗೆ ಒಂದು ತೆಳು ಹಗ್ಗವಿರುತ್ತದೆ. ಒಂದು ಸಲ ಎಳೆದರೆ ನಾನಿದ್ದೇನೆ ಎಂದರ್ಥ. ಎರಡು ಸಲ ಎಳೆದರೆ ಅಪಾಯ, ಕೆಲಸ ಬಿಟ್ಟು ಮೇಲೆ ಬಾ ಎಂದರ್ಥ. ಈ ಸನ್ನೆ ನಮ್ಮ ಕೆಲಸದವರಿಗೆಲ್ಲ ಗೊತ್ತು, ಹೊರಗಿನವರಿಗೆ ಗೊತ್ತಿರುವುದಿಲ್ಲ.

ನಾಲ್ಕು ತಿಂಗಳ ಹಿಂದೆ ಹನ್ನೊಂದನೇ ಮಹಡಿಯ ಬಳಿ ಒಂದು ಕೊಂಡಿ ಕಳಚಿ ತೊಟ್ಟಿಲು ವಾಲಿತು. ನಾನು ಎರಡು ಸಲ ಎಳೆದೆ. ಅವರು ಜೀವ ಕೈಯಲ್ಲಿ ಹಿಡಿದು ಮೇಲೆ ಬಂದರು. ಅಂಗಿಯ ಕಾಲರು ಹಿಡಿದು ಒಳಗೆ ಎಳೆದುಕೊಂಡೆ. ಆಮೇಲೆ ಅವರಿಗೆ ಸ್ಟೂಲು ಹತ್ತಿ ಬಲ್ಬು ಹಾಕಲೂ ಆಗಲಿಲ್ಲ. ಹಲ್ಲಿ ನೆಲಕ್ಕೆ ಬಿತ್ತು ಎಂದು ಜೊತೆಯವರು ನಕ್ಕರು. ನಾನೂ ಒಂದು ಸಲ ನಕ್ಕಿದ್ದುಂಟು. ಕೆಲಸವೇ ಹೋಗುವ ಮಾತು ಬಂದ ಮೇಲೆ ಮನೆಯಲ್ಲಿ ನಗು ನಿಂತಿತು.

ಆಗ ನನ್ನ ನಾದಿನಿ ತನಗೆ ಗೊತ್ತಿರುವ ಸಮ್ಮೋಹನ ಚಿಕಿತ್ಸಕರ ವಿಳಾಸ ಕೊಟ್ಟರು. ಅವರ ಬಳಿ ಹೋಗಿ ನಾದಿನಿ ಉಗುರು ಕಡಿಯುವುದನ್ನು ಬಿಟ್ಟಿದ್ದರು. ಚಿಕಿತ್ಸಕರ ಕೋಣೆಯಲ್ಲಿ ಒಂದು ಒರಗುಕುರ್ಚಿ, ಎರಡು ಸ್ಟೂಲು, ದಪ್ಪನೆಯ ಪರದೆ ಇದ್ದವು. ಭಯವೆನ್ನುವುದು ಮಿದುಳು ಕಲಿತ ಪಾಠ, ಮಾತು ಮತ್ತು ಮೈಯ ಸನ್ನೆ ಎರಡನ್ನೂ ಜೋಡಿಸಿದರೆ ಅದಕ್ಕೆ ಬೇರೆ ಪಾಠ ಕಲಿಸಬಹುದು ಎಂದು ಅವರು ತಿಳಿಸಿದರು. ಮನಸ್ಸು ಶಾಂತವಾಗಿರುವಾಗ ಒಂದು ಸನ್ನೆಯನ್ನು ಮತ್ತೆ ಮತ್ತೆ ಮಾಡಿದರೆ ಅದು ಲಂಗರಿನಂತೆ ಊರಿಕೊಳ್ಳುತ್ತದೆ, ಮುಂದೆ ಸನ್ನೆ ಮಾಡಿದೊಡನೆ ಆ ಶಾಂತಿಯೇ ವಾಪಸ್ ಬರುತ್ತದೆ ಎಂದರು. ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ ಎಂದೂ ಹೇಳಿದರು. ನನಗೆ ಅರ್ಧ ಅರ್ಥವಾಯಿತು, ಪೂರ್ತಿ ತಲೆಯಾಡಿಸಿದೆ.

ಕೆಲಸದಲ್ಲಿ ಯಾವ ಗಳಿಗೆಯಲ್ಲಿ ಅತಿ ಹೆಚ್ಚು ಧೈರ್ಯವೆನಿಸಿತು ಎಂದು ಅವರು ಕೇಳಿದರು. ಯಜಮಾನರು ಕಣ್ಣು ಮುಚ್ಚಿಕೊಂಡೇ, “ಇವಳು ಎರಡು ಸಲ ಎಳೀತಾಳಲ್ಲ, ಆವಾಗ. ಇನ್ನು ಮೇಲಕ್ಕೆ ಹೋಗ್ತೀನಿ ಅಂತ ಗೊತ್ತಾಗತ್ತೆ” ಎಂದರು. ಚಿಕಿತ್ಸಕರಿಗೆ ಬಹಳ ಸಂತೋಷವಾಯಿತು. ಮುಂದಿನ ವಾರ ಆ ಹಗ್ಗವನ್ನೇ ತರಲು ಹೇಳಿದರು. ಅವರು ಮೆಲುದನಿಯಲ್ಲಿ ಮಾತಾಡುತ್ತ ಹೋಗುವರು, ಯಜಮಾನರ ಮೈ ಸಡಿಲವಾದಾಗ ನನಗೆ ಕಣ್ಸನ್ನೆ ಮಾಡುವರು, ನಾನು ಎರಡು ಸಲ ಎಳೆಯುವೆನು. ಹೀಗೆ ಮೂರು ವಾರ ನಡೆಯಿತು. ಎಳೆದ ಕೈ ನನ್ನದೇ ಎಂದು ಬರೆದುಕೊಳ್ಳಬೇಕು. ಆ ಸನ್ನೆಯ ಅರ್ಥ ಚಿಕಿತ್ಸಕರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೊಳೆಯಲಿಲ್ಲ. ಗಂಡನ ಮುಖದಲ್ಲಿ ನೆಮ್ಮದಿ ಕಂಡು ನನ್ನ ಕಣ್ಣು ತುಂಬಿತ್ತು.

ಯಜಮಾನರು ಕೆಲಸಕ್ಕೆ ಮರಳಿದರು. ಮೊದಲಿಗಿಂತ ಚುರುಕಾಗಿದ್ದರು. ಎರಡು ಸಲ ಎಳೆಯುವ ಸಂದರ್ಭ ಬರಲೇ ಇಲ್ಲ.

ಕಳೆದ ಮಂಗಳವಾರ ಮಧ್ಯಾಹ್ನ ಅವರು ಹದಿನೇಳನೇ ಮಹಡಿಯ ಬಳಿ ಇದ್ದಾಗ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ನಾನು ಎರಡು ಸಲ ಎಳೆದೆ. ಅಂಚಿನಿಂದ ಬಗ್ಗಿ ನೋಡಿದಾಗ ಅವರು ಬ್ರಷ್ ಕೆಳಗೆ ಬಿಟ್ಟು ತೊಟ್ಟಿಲಿನ ತಳದಲ್ಲಿ ಕುಳಿತಿದ್ದರು. ಗುಂಡಿ ಒತ್ತಲಿಲ್ಲ. ನಾನು ಮತ್ತೆ ಎಳೆದೆ. ಅವರ ತಲೆ ಎದೆಯ ಮೇಲೆ ವಾಲಿತು. ತೊಟ್ಟಿಲು ಗೋಡೆಗೆ ಬಡಿಯತೊಡಗಿತು. ನಾನು ಇನ್ನೂ ಜೋರಾಗಿ ಎಳೆದೆ, ಅವರು ಇನ್ನೂ ಸಡಿಲವಾದರು. ಆಗ ನನಗೆ ಆ ಒರಗುಕುರ್ಚಿ ನೆನಪಾಯಿತು. ನಾನು ಎಳೆದಷ್ಟೂ ಅವರು ಮುಳುಗುತ್ತಿದ್ದರು. ಹಗ್ಗವನ್ನು ಕೈಯಿಂದ ಬಿಟ್ಟೆ. ಈ ಕೆಲಸಕ್ಕೆ ಸೇರಿದ ಮೇಲೆ ಗಂಡ ಕೆಳಗಿರುವಾಗ ಹಗ್ಗ ಬಿಟ್ಟದ್ದು ಅದೇ ಮೊದಲು.

ಮೆಟ್ಟಿಲಿಳಿದು ಹದಿನೇಳನೇ ಮಹಡಿಯ ಕಚೇರಿಗೆ ಓಡಿದೆ. ಗಾಜಿನ ಆಚೆ, ಮೊಳದಷ್ಟು ದೂರದಲ್ಲಿ ಅವರ ಮುಖವಿತ್ತು. ಹಣೆ ಒಡೆದು ರಕ್ತ ಹುಬ್ಬಿನವರೆಗೆ ಇಳಿದಿತ್ತು. ಅವರು ನಗುತ್ತಿದ್ದರು. ಆ ಗಾಜು ತೆರೆಯುವಂಥದ್ದಲ್ಲ. ಚಪ್ಪಲಿ ಕಳಚಿ ಬಡಿದೆ. ಅಲ್ಲಿದ್ದ ಗುಮಾಸ್ತರೊಬ್ಬರು, “ಪುಣ್ಯವಂತ, ಕೆಲಸದಲ್ಲೇ ನಿದ್ದೆ ಹೊಡೀತಿದಾನೆ” ಎಂದರು. ರಕ್ತ ಕಂಡ ಮೇಲೆ ಅವರೂ ಕುರ್ಚಿ ತಂದು ಬಡಿದರು. ಸುಮಾರು ಐದು ನಿಮಿಷ ಕಳೆದು ಯಜಮಾನರು ಕಣ್ಣು ಬಿಟ್ಟು, ಬಸ್ ನಿಲ್ದಾಣದಲ್ಲಿ ಪರಿಚಯದವರನ್ನು ಕಂಡಂತೆ ನನಗೆ ಕೈಬೀಸಿದರು. ಆಮೇಲೆ ಗುಂಡಿ ಒತ್ತಿ ಮೇಲೆ ಹೋದರು.

ಅದೇ ಸಂಜೆ ಚಿಕಿತ್ಸಕರಿಗೆ ಫೋನ್ ಮಾಡಿದೆ. ಎರಡು ಸಲ ಎಳೆಯುವುದರ ಅರ್ಥ ಹೇಳಿದಾಗ ಅವರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಲಂಗರನ್ನು ಕೀಳಬಹುದು, ಆದರೆ ಕುರ್ಚಿಯಲ್ಲಿ ಕೂರುವವರಿಗೆ ಮನಸ್ಸಿರಬೇಕು, ಕೂಡಲೇ ಕರೆತನ್ನಿ ಎಂದರು. ಯಜಮಾನರು ಬರಲು ಒಪ್ಪಲಿಲ್ಲ. “ಹೋಗಿರೋ ಭಯಾನ ಮತ್ತೆ ಯಾಕೆ ತರ್ತೀಯ? ಅಲ್ಲಿ ಎಷ್ಟು ಹಾಯಾಗಿರತ್ತೆ ಗೊತ್ತಾ ನಿಂಗೆ?” ಎಂದರು.

ಗುರುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಅವರಿಗೆ ಹೇಳಿ ಅಂಗಡಿಗೆ ಹೋಗಿದ್ದೆ. ವಾಪಸ್ ಬಂದಾಗ ಹಾಲು ಉಕ್ಕಿ ಒಲೆ ಆರಿತ್ತು, ಮೆಟ್ಟಿಲವರೆಗೂ ಗ್ಯಾಸಿನ ವಾಸನೆ ಬರುತ್ತಿತ್ತು. ಅವರು ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತಾವೇ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು. ಅದೇ ನಗು. ಅಂದಿನಿಂದ ನಾನು ಒಲೆಯ ಹತ್ತಿರ ಅವರನ್ನು ಬಿಡುತ್ತಿಲ್ಲ, ನಿದ್ದೆಯನ್ನೂ ಮಾಡುತ್ತಿಲ್ಲ.

ನಿನ್ನೆ ಮೇಲ್ವಿಚಾರಕರಿಗೆ ಎಲ್ಲ ತಿಳಿಸಿದೆ. ಗಂಡನ ಧೈರ್ಯ ಕಂಡು ಹೆಂಡತಿಗೆ ಹೊಟ್ಟೆಕಿಚ್ಚೇ ಎಂದು ಕೇಳಿದರು. ಸೋಮವಾರ ಯಜಮಾನರನ್ನು ಇಪ್ಪತ್ತೆಂಟು ಮಹಡಿಯ ಕಟ್ಟಡಕ್ಕೆ ಹಾಕಿದ್ದಾರೆ, ಹಗ್ಗ ಕಾಯಲು ಬೇರೆಯವರು. ಆ ಮನುಷ್ಯ ಅಪಾಯ ಕಂಡರೆ ಎರಡು ಸಲ ಎಳೆಯುತ್ತಾನೆ. ಕಣ್ಣೆದುರಿಗೆ ಅದೇ ಕಾಣುತ್ತಿದ್ದುದರಿಂದ ಠಾಣೆಗೆ ಬಂದೆನು.

ಯಾರ ಮೇಲೆ ದೂರು ಎಂದು ಸಾಹೇಬರು ಕೇಳಿದರು. ಗೊತ್ತಿಲ್ಲ ಎಂದೆ. “ಗಂಡ ಹೆದರಿಸ್ತಾನೆ ಅಂತ ಬರೋರನ್ನ ದಿನಾ ನೋಡ್ತೀನಮ್ಮ, ಗಂಡ ಹೆದರಲ್ಲ ಅಂತ ಬಂದವಳು ನೀನೊಬ್ಬಳೇ” ಎಂದು ನಕ್ಕು, ಯಜಮಾನರನ್ನು ಫೋನ್ ಮಾಡಿ ಕರೆಸಿದರು. ಹನ್ನೊಂದೂವರೆಗೆ ಅವರು ಬಂದರು, ಕೂರಿಸಿ ಟೀ ಕೊಟ್ಟರು. ಹಗ್ಗದ ಒಂದು ತುಂಡು ಜೇಬಿನಲ್ಲೇ ಇತ್ತು. ತೋರಿಸು ನೋಡೋಣ ಎಂದು ಸಾಹೇಬರು ಹೇಳಿದಾಗ ಯಜಮಾನರು ತಾವಾಗಿಯೇ ಸೊಂಟಕ್ಕೆ ಕಟ್ಟಿಕೊಂಡು ತುದಿಯನ್ನು ನನ್ನ ಕಡೆ ಚಾಚಿದರು. ನಾನು ಮುಟ್ಟಲಿಲ್ಲ. ಸಾಹೇಬರು ನಗುತ್ತಲೇ ಎರಡು ಸಲ ಎಳೆದರು.

ಯಜಮಾನರ ಕೈಯಲ್ಲಿದ್ದ ಟೀ ಲೋಟ ತೊಡೆಯ ಮೇಲೆ ಮಗುಚಿತು. ಟೀ ಬಿಸಿಯಾಗಿತ್ತು. ಅವರು ಅಲುಗಲಿಲ್ಲ. ಸಾಹೇಬರು ಹೆಗಲು ಹಿಡಿದು ಅಲುಗಾಡಿಸಿದರು, ಮೇಜು ಗುದ್ದಿದರು. ಎಬ್ಬಿಸುವುದು ಹೇಗೆ ಎಂದು ನನ್ನನ್ನು ಕೇಳಿದರು. ಹಗ್ಗ ಬಿಟ್ಟು ಕಾಯಬೇಕು, ಬೇರೇನೂ ನನಗೆ ಗೊತ್ತಿಲ್ಲ ಎಂದೆ. ಎಲ್ಲರೂ ಸುಮ್ಮನೆ ನಿಂತು ಕಾದೆವು. ಯಜಮಾನರು ಕಣ್ಣು ಬಿಟ್ಟವರೇ ಸಾಹೇಬರನ್ನು ನೋಡಿ, “ನಿಮ್ಮ ಕೈ ಚೆನ್ನಾಗಿದೆ ಸಾರ್. ಇನ್ನೊಂದ್ಸಲ ಎಳೀರಿ” ಎಂದರು.

ಸಾಹೇಬರು ಹಗ್ಗವನ್ನು ಬಿಚ್ಚಿಸಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ನನ್ನೆದುರಿಗೇ ಮೇಲ್ವಿಚಾರಕರಿಗೆ ಫೋನ್ ಮಾಡಿ, ಈ ವ್ಯಕ್ತಿಯನ್ನು ಸೋಮವಾರವಲ್ಲ, ಯಾವ ದಿನವೂ ತೊಟ್ಟಿಲಿಗೆ ಹತ್ತಿಸಕೂಡದು ಎಂದು ತಿಳಿಸಿದರು. ಚಿಕಿತ್ಸಕರಿಗೆ ಇಲ್ಲಿಗೇ ಬರಲು ಹೇಳಿದ್ದಾರೆ. ಕೆಲಸ ಹೋಯಿತೆಂದು ತಿಳಿದು ಯಜಮಾನರು ನನ್ನನ್ನು ಬೈಯುತ್ತಾರೆ, ಕೂಗಾಡುತ್ತಾರೆ ಎಂದು ಕಾದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೀಗ ಹಾಕಿದ ಡ್ರಾಯರನ್ನೇ ನೋಡುತ್ತಿದ್ದರು. ನನಗೆ ಬಹಳ ಭಯವಾಗಿದೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ನನಗೆ ಓದು ಬರಹ ಬರುತ್ತದೆ. ಆದರೆ ಸಹಿಯ ಹೊತ್ತಿಗೆ ಯಜಮಾನರು ಪಕ್ಕದಲ್ಲಿ ಬಂದು ಕುಳಿತು ನನ್ನ ಬಲಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಾರೆ, ಎಳೆಯುವ ಕೈ ಇದೇ ಎಂದು ಬಿಡುತ್ತಿಲ್ಲ. ಆದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಠಾಣೆ
ದಿನ: ಶನಿವಾರ, ಮಧ್ಯಾಹ್ನ ಒಂದು ಗಂಟೆ
ಹೇಳಿಕೆ ಕೊಟ್ಟವರ ಎಡಗೈ ಹೆಬ್ಬೆಟ್ಟಿನ ಗುರುತು