ದೇವಸುಗೂರು ಹೊಳೆಯಲ್ಲಿ ಹರಿಗೋಲು ಮಗುಚಿದ ಬಗ್ಗೆ

ನನ್ನ ಹೆಸರು ದುರುಗಮ್ಮ, ಗಂಡ ದಿವಂಗತ ಸೂಗಪ್ಪ, ವಯಸ್ಸು ಐವತ್ತು, ಕಸುಬು ಒಕ್ಕಲುತನ, ಊರು ಮಟಮಾರಿ, ತಾಲೂಕು ರಾಯಚೂರು. ನಾಲ್ಕನೇ ತರಗತಿವರೆಗೆ ಓದಿದ್ದೇನೆ. ಈ ದಿನ ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಕಾರ್ತಿಕ ಸೋಮವಾರ. ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಪಾರ್ವತೆಮ್ಮ ಹೊಳೆಯ ನಡುಗಡ್ಡೆಯಲ್ಲಿರುವ ಬೀಗರ ಮನೆಯಿಂದ ಸೂಗೂರೇಶ್ವರನ ದರ್ಶನಕ್ಕೆ ಹೊರಟೆವು. ಇಬ್ಬರದೂ ಉಪವಾಸ. ಬೆಳಿಗ್ಗೆ ಎಂಟು ಗಂಟೆಗೆ ಅಂಬಿಗರ ಮೌನಪ್ಪನ ಹರಿಗೋಲು ಹತ್ತಿದೆವು. ಮೌನಪ್ಪನು ದಪ್ಪ ಇದ್ದವರ ಎದುರಿಗೆ ದಪ್ಪ ಇದ್ದವರನ್ನು ಕೂರಿಸಿ, ಗಂಟುಗಳನ್ನು ನಡುವೆ ಇಡಿಸಿದನು. ನನಗೆ ಸರಿಯಾದವರು ಯಾರೂ ಸಿಗದೆ ಎದುರಿಗೆ ಜೋಳದ ಚೀಲ ಇಟ್ಟು, "ಯವ್ವಾ, ನಿನಗ ಚೀಲಾನ ಜೋಡಿ ನೋಡು" ಎಂದಾಗ ಎಲ್ಲರೂ ನಕ್ಕರು. ದಂಡೆ ಮುಟ್ಟುವ ತನಕ ಯಾರೂ ಏಳಬಾರದೆಂದೂ ಹೇಳಿದನು.

ಗಡ್ಡೆ ಬಿಡುವಾಗ ನಮ್ಮ ಹರಿಗೋಲು ಇನ್ನೊಂದಕ್ಕೆ ಜೋರಾಗಿ ತಾಗಿತ್ತು. ಎಲ್ಲರೂ ಕುಳಿತಿದ್ದರಿಂದ ಅಲುಗಾಡಿ ಸುಮ್ಮನಾಯಿತು.

ದೇವಸುಗೂರು ದಂಡೆ ಇನ್ನು ಐವತ್ತು ಮಾರು ಇರುವಾಗ ಗುಡಿಯ ಶಿಖರ ಕಂಡಿತು. ಅದೇ ಹೊತ್ತಿಗೆ ಎದುರಿನಿಂದ ನಬೀಸಾಬರ ಹರಿಗೋಲು ಭತ್ತದ ಚೀಲ ಹೇರಿಕೊಂಡು ಬರುತ್ತಿತ್ತು. ಅವರು ಹುಟ್ಟು ಎದುರು ಹಾಕಿ ತಡೆಯುತ್ತ, "ಮೌನಪ್ಪಾ, ಭಾರ ಅದ, ನಿಲ್ಲವಲ್ದು, ನೀ ಸರಕೋ" ಎಂದು ಕೂಗಿದರು. ಅದನ್ನು ನಾನು ಕೇಳಿದೆ. ಆದರೂ ಕುಳಿತು ದೇವರಿಗೆ ಕೈಮುಗಿಯುವುದು ಸರಿಕಾಣದೆ ಎದ್ದು ನಿಂತೆನು. "ಕುಂದ್ರಬೇ ಯವ್ವಾ" ಎಂದು ಮೌನಪ್ಪ ಹೇಳಿದನು. ನಾನು ಕೂರಲಿಲ್ಲ. ನನ್ನನ್ನು ನೋಡಿ ಪಾರ್ವತೆಮ್ಮ ಎದ್ದಳು, ಇನ್ನಿಬ್ಬರು ಎದ್ದು ನನ್ನ ಬದಿಗೇ ಬಂದರು. ಆಗ ಹರಿಗೋಲುಗಳು ತಾಗಿದವು. ಮೊದಲಿನದಕ್ಕಿಂತ ಇದು ಮೆಲ್ಲಗಿತ್ತು. ನಮ್ಮದು ಹಗುರ, ಹಿಂದಕ್ಕೆ ಸರಿಯಿತು. ನಿಂತಿದ್ದ ನಾವೆಲ್ಲ ಒಂದೇ ಕಡೆ ಬಿದ್ದೆವು, ಹರಿಗೋಲು ಮಗುಚಿತು.

ನಬೀಸಾಬರು ನೀರಿಗೆ ಹಾರಿ ಮೊದಲು ಪಾರ್ವತೆಮ್ಮಳನ್ನು, ನಂತರ ನನ್ನನ್ನು ಎತ್ತಿ ತಮ್ಮ ಹರಿಗೋಲಿಗೆ ಹಾಕಿದರು. ಉಳಿದವರನ್ನು ಮೌನಪ್ಪ ದಡ ಸೇರಿಸಿದನು. ನನ್ನ ಸೀರೆ ಹೊಳೆಯ ಪಾಲಾಗಿತ್ತು. ನಬೀಸಾಬರು ಮುಖ ಆ ಕಡೆ ಮಾಡಿ ತಮ್ಮ ಚಾದರ ಕೊಟ್ಟರು.

ದಂಡೆಯಲ್ಲಿ ಪಾರ್ವತೆಮ್ಮಳ ಮಗ ಮಲ್ಲಯ್ಯ ನಮಗಾಗಿ ಕಾದಿದ್ದನು. ತಾಯಿಗೆ ಎಚ್ಚರವಿಲ್ಲದ್ದನ್ನೂ, ನನ್ನ ಸ್ಥಿತಿಯನ್ನೂ ನೋಡಿ, "ದೊಡ್ಡವ್ವ, ಯಾರ್ ಮಾಡಿದ್ದು? ಇವನೇನು?" ಎಂದು ಕೇಳಿದನು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ದೇವರಿಗೆ ಕೈಮುಗಿಯಲು ಎದ್ದು ಹರಿಗೋಲು ಮುಳುಗಿಸಿದೆ ಎಂದು ಅಷ್ಟು ಜನರೆದುರು ಹೇಳಲು ಬಾಯಿ ಬರಲಿಲ್ಲ. ಮಲ್ಲಯ್ಯ ಮತ್ತು ಜನ ಸೇರಿ ನಬೀಸಾಬರನ್ನು ಹೊಡೆದರು. "ಹೇಳ್ರೆವ್ವಾ, ನೀವರ ಹೇಳ್ರಿ" ಎಂದು ನಬೀಸಾಬರು ನನ್ನ ಕಡೆ ನೋಡಿದರು. ನಾನು ಅವರದೇ ಚಾದರವನ್ನು ಮುಖದ ಮೇಲೆ ಎಳೆದುಕೊಂಡೆನು.

ಬೇಕೆಂದೇ ಗುದ್ದಿ, ಹೆಂಗಸರ ಮೈ ಮುಟ್ಟಿದನೆಂದು ಮಲ್ಲಯ್ಯ ದೂರು ಕೊಟ್ಟಿದ್ದರಿಂದ ನಬೀಸಾಬರು ನಿನ್ನೆಯಿಂದ ಲಾಕಪ್ಪಿನಲ್ಲಿದ್ದಾರೆ. ಪಾರ್ವತೆಮ್ಮ ರಾಯಚೂರಿನ ಆಸ್ಪತ್ರೆಯಲ್ಲಿ ಗುಣವಾಗುತ್ತಿದ್ದಾಳೆ. ನಾನು ಇಲ್ಲಿಗೆ ಹೊರಟಾಗ ಮಲ್ಲಯ್ಯನು, "ಠಾಣಿ ಮೆಟ್ಟಲ ಹತ್ತಿದ್ರ ನಮ್ಮ ಮನಿ ಕಡಿ ಬರಬ್ಯಾಡ. ದೇವರ ಹೆಸರೂ ಕೆಡಸ್ತಿ" ಎಂದನು. ಏಳು ಅಂತ ದೇವರು ಹೇಳಿರಲಿಲ್ಲ, ಕುಂದ್ರು ಅಂತ ಅಂಬಿಗ ಹೇಳಿದ್ದ ಎಂದು ನಾನು ಉತ್ತರ ಕೊಟ್ಟು ಬಂದಿದ್ದೇನೆ.

ನಬೀಸಾಬರು ಮೈ ಮುಟ್ಟಿದ್ದು ನಿಜವೇ ಎಂದು ಹವಾಲ್ದಾರರು ಕೇಳಿದರು. ನಿಜ. ಮೊದಲು ತುರುಬು ಹಿಡಿದರು, ಅದು ಬಿಚ್ಚಿದಾಗ ನಡು ಹಿಡಿದರು. ಹಿಡಿಯದಿದ್ದರೆ ಈ ಹೇಳಿಕೆ ಕೊಡಲು ನಾನು ಇರುತ್ತಿರಲಿಲ್ಲ. ಇದನ್ನು ಹೀಗೆಯೇ ಬರೆಯಬೇಕೆಂದು ಹೇಳಿದ್ದೇನೆ.

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದಂತೆಯೇ ಇದೆ, ಸತ್ಯವಿದೆ.

ಸ್ಥಳ: ದೇವಸುಗೂರು
ದಿನಾಂಕ: 13-11-1979
ರುಜು: ದುರುಗಮ್ಮ