ಡಾಕ್ಟ್ರಮ್ಮನ ಮೀನು

…ಟ್ಯಾಂಕು ಕೊಡಲ್ಲ ಅಂದ್ರೆ ಕೊಡಲ್ಲ. ಹೋದ ವರ್ಷಾನೂ ಇದೇ ಹೇಳಿದ್ದೆ, ಈಗಲೂ ಅದೇ. ಅದನ್ನ ಕೇಳೋಕೇ ತಾನೇ ಬಕೆಟ್ ಹೊತ್ಕೊಂಡು ಅಣ್ಣನ ಅಂಗಡಿಗೆ ಬಂದಿರೋದು? ಕೂತ್ಕೋ. ಆ ಸ್ಟೂಲಲ್ಲ, ಅದರ ಕಾಲು ಮುರಿದಿದೆ. ಬಕೆಟ್ಟು ಅಲ್ಲೇ ಕೆಳಗಿಡು… ಮೇಲೆ ಒದ್ದೆ ಟವಲ್ಲು ಬೇರೆ! ಯಾವ ಮಹಾರಾಣೀನ ಕರ್ಕೊಂಡು ಬಂದೆ?

ನಗಲ್ವಾ? ಸರಿ ಬಿಡು.

ಅಲ್ಲ ಕಣೇ, ಇಪ್ಪತ್ತೆರಡು ವರ್ಷದಿಂದ ನಿನ್ನದು ಇದೇ ಕಥೆ! ಮಗಳು ಡಾಕ್ಟರಾದಳು ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಳು. ಪಕ್ಕದ ಮನೆಯಾಕೆ ಮಂಡಿ ನೋವು ಅಂತ ಬಂದು ನೋಡಿದರೆ, ನಮ್ಮ ಪಿಎಚ್.ಡಿ. ಡಾಕ್ಟ್ರಮ್ಮ ಕೆರೇಲಿ ಮೀನು ಎಣಿಸ್ತಿದ್ದಾಳೆ! ಅದೂ ಎಂಥ ಮೀನು? ಕಿರುಬೆರಳಿನ ಉಗುರಷ್ಟು. ನೋಡೋಕೆ ಬಣ್ಣ ಇಲ್ಲ, ಹುರಿಯೋಕೆ ಮೈ ಇಲ್ಲ. ಪ್ರಪಂಚದಲ್ಲಿ ನಮ್ಮ ಕೆರೆ ಬಿಟ್ಟರೆ ಇನ್ನೆಲ್ಲೂ ಇಲ್ವಂತೆ. ಬೇರೆ ಕೆರೆಗಳಿಗೆ ಬೇಡವಾಗಿತ್ತು ಅಂತ ತಾನೇ ಅರ್ಥ? ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ತು. ಇಷ್ಟು ವರ್ಷ ಬಣ್ಣದ ಮೀನು ಮಾರಿದ್ದೀನಿ, 'ನಿಮ್ಮ ತಂಗಿ ಮೀನು ಒಂದು ಜೊತೆ ಕೊಡಿ' ಅಂತ ಒಬ್ಬನೇ ಒಬ್ಬ ಗಿರಾಕಿ ಕೇಳಿಲ್ಲ.

ಏನು ಹಾಗೆ ನೋಡ್ತೀಯ? … ಓ, ದೊಡ್ಡ ಟ್ಯಾಂಕಾ. ಹೌದು, ಖಾಲಿ. ಖಾಲಿ ಇದ್ದರೇನು, ನನ್ನ ಟ್ಯಾಂಕು. 'ಅಣ್ಣಾ, ಕೆರೆಗೆ ಏನಾದರೂ ಆದರೆ ಇರಲಿ, ಇಪ್ಪತ್ತು ಮೀನು ಇಲ್ಲಿ ಬಿಡ್ತೀನಿ' ಅಂತ ಹೋದ ವರ್ಷ ನೀನು ಗೋಗರೆದೆ. ಆಗ ಅದರಲ್ಲಿ ನನ್ನ ಪೈಲ್ವಾನ್ ಜೋಡಿ ಇತ್ತು. ಮೀನು ಅಂದರೆ ಅವು! ಗೇಣಿಗೂ ಮೇಲೆ. ಚಿಕ್ಕ ಮೀನು ಹಾಕಿದರೆ ಒಂದೇ ಗುಕ್ಕು. ಈ ಉಂಗುರದಲ್ಲಿ ಗಾಜಿಗೆ ಮೂರು ಸಲ ತಟ್ಟಿದರೆ ಸಾಕು, ಮೇಲೆ ಬಂದು ಬಾಯಿ ತೆಗೀತಿದ್ದವು. ಹೆಂಡತಿ ಕರೆದರೆ ನಾನೂ ಅಷ್ಟು ಬೇಗ ಹೋಗಲ್ಲ.

ಮಾರಿಬಿಟ್ಟೆ. ಒಬ್ಬ ಹೋಟೆಲಿನವನಿಗೆ. … ಯಾವ ಹೋಟೆಲ್ಲೋ, ನೆನಪಿಲ್ಲ. ಕಾರಲ್ಲಿ ಬಂದ. ಅಲ್ಲ, ವ್ಯಾನು. ಏನೇ ಅದು, ಪೊಲೀಸರ ಥರ ನೋಡ್ತೀಯ?

ಬೆಳೆದುಬಿಟ್ಟವು ಕಣೇ. ತಿರುಗೋಕೂ ಜಾಗ ಇಲ್ಲ, ಗಾಜಿಗೆ ಉಜ್ಜಿ ಉಜ್ಜಿ ಮೂತಿಯೆಲ್ಲ ಗಾಯ. ಬರೋರೆಲ್ಲ ಮರಿ ಕೇಳ್ತಾರೆ, ಮುದಿ ಪೈಲ್ವಾನರನ್ನ ಯಾರು ತಗೋತಾರೆ? … ಹಾಂ, ಆ ಹೋಟೆಲಿನವನು ತಗೊಂಡ, ಹೇಳಿದೆನಲ್ಲ!

ಎರಡು ತಿಂಗಳಿಂದ ನಿನ್ನ ಬಲೆಗೆ ಬರೀ ಪಾಚಿ ಅಂತೆ. ಊರೆಲ್ಲ ವಿಚಾರಿಸ್ತಾ ಓಡಾಡ್ತಿದ್ದೀಯಂತೆ. ಅದಕ್ಕೆ ನಾನೇನು ಮಾಡಲಿ? ಉಗುರಷ್ಟು ಜೀವ, ನೆಗಡಿ ಬಂದರೂ ಸಾಯುತ್ತೆ. ನಾನಂತೂ ಆ ಕೆರೆ ಕಡೆ ಕಾಲಿಟ್ಟು ವರ್ಷಗಳಾದವು.

ಟವಲ್ಲು ಯಾಕೆ ತೆಗೀತಿದ್ದೀಯ? … ಅಬ್ಬಾ. ದೊಡ್ಡದೇ ಸಿಕ್ಕಿದೆಯಲ್ಲ. ನಮ್ಮ ಕೆರೇಲಾ? ಯಾರೋ ತಂದು ಬಿಟ್ಟಿರ್ತಾರೆ ಬಿಡು, ಜನಕ್ಕೆ ಬುದ್ಧಿ ಎಲ್ಲಿದೆ… ಪಾಪ, ತಳ ಹಿಡಿದುಬಿಟ್ಟಿದೆ. ಜೀವ ಇದೆಯಾ? ಸರಿ ಆಚೆ, ನೋಡ್ತೀನಿ…

…

ನನ್ನ ಕೈ ಯಾಕೆ ನೋಡ್ತೀಯ? ಬಕೆಟ್ಟಿಗೆ ತಟ್ಟಿದೆನಾ? ಸುಮ್ನೆ… ಅಭ್ಯಾಸ. ಸದ್ದಾದರೆ ಯಾವ ಮೀನಾದರೂ… ತಲೆ ಅಲ್ಲಾಡಿಸಬೇಡ. ನನಗೂ ಗೊತ್ತು, ಕೆರೆ ಮೀನು ಸದ್ದಿಗೆ ಹೆದರುತ್ತೆ. ಹೀಗೆ ಮೇಲೆ ಬಂದು ಬಾಯಿ ತೆಗೆಯಲ್ಲ.

ತಿಂದು ತಿಂದು ಹೊಟ್ಟೆ ಉಬ್ಬಿದೆ ಇದಕ್ಕೆ.

ಕೊಲ್ಲೋಕೆ ಕೈ ಬರಲಿಲ್ಲ ಕಣೇ. ಆರು ವರ್ಷ ಕೈಯಾರೆ ತಿನ್ನಿಸಿದ್ದೆ. ಅಷ್ಟು ನೀರಿದೆ, ಎಲ್ಲೋ ಬದುಕ್ಕೊಳ್ಳಲಿ ಅಂತ ಕೆರೆಗೆ ಬಿಟ್ಟುಬಂದೆ. ಜೋಡಿ, ಮರಿ ಹಾಕ್ತವೆ, ಆ ಮರಿಗಳಿಗೂ ಹಸಿವಾಗುತ್ತೆ… ಅದೆಲ್ಲ ತಲೆಗೇ ಹೋಗಲಿಲ್ಲ. ನಿನ್ನ ಮೀನು ನನ್ನ ಕಣ್ಣಿಗೇ ಬೀಳ್ತಿರಲಿಲ್ಲ ನೋಡು. ಅಷ್ಟು ಚಿಕ್ಕವು.

ಬೈದಾದರೂ ಬಿಡೇ. … ತಗೋ, ಟ್ಯಾಂಕು ತಗೋ. ಈಗಲೇ ತೊಳೆದು ನೀರು ತುಂಬ್ತೀನಿ. ಹೋಗಿ ಇಪ್ಪತ್ತು ಹಿಡ್ಕೊಂಡು ಬಾ. ಇಪ್ಪತ್ತು ಸಿಗದಿದ್ದರೆ ಹತ್ತು.

ಒಂದು ಜೊತೆ ಸಾಕಲ್ವೇನೇ? ಒಂದೇ ಒಂದು ಜೊತೆ…

ತಲೆ ಎತ್ತೇ.

…ಒಂದೂ ಇಲ್ವಾ?